ಕಾಲು ಉಳುಕಿ ಏಳು ತಿಂಗಳಾದ್ಮೇಲೆ ಹೋದ ಫಿಸಿಯೋ ಕ್ಲಿನಿಕ್: ಖರ್ಚು, ಕಸರತ್ತು, ಕೊಂಡ ಸಾಮಾನು ಎಲ್ಲದರ ರಿವ್ಯೂ

ಮೈಸೂರಲ್ಲಿ ಟೈಲರಿಂಗ್ ಮಾಡ್ತೀನಿ, ಮನೆ ಮುಂದಿನ ರೂಮೇ ಅಂಗಡಿ, ಬ್ಲೌಸು ಚೂಡಿದಾರು ಫಾಲ್ಸು ಅಂತ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಈಗ ನನಗೆ 44. ನಮ್ಮ ಬಡಾವಣೆ ಹತ್ರ ಇರೋ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಲಗಾಲಿನ ಹರಡು, ಅಂದ್ರೆ ಆಂಕಲ್ ನೋವಿಗೆ ಅಂತ ಹನ್ನೆರಡು ಸಲ ಹೋಗಿ ಬಂದೆ, ಅದರ ಬಗ್ಗೆ ಬರೀತಿದೀನಿ. ಹೆಸರು ಹಾಕಲ್ಲ, ಯಾಕಂದ್ರೆ ಒಳ್ಳೇದೂ ಹೇಳ್ತೀನಿ ಬೇಜಾರಾಗಿದ್ದೂ ಹೇಳ್ತೀನಿ, ಎರಡು ರೂಮಿನ ಜಾಗ ಅದು, ಪಾಪ. ಅಲ್ಲದೆ ಇಂಥ ಕ್ಲಿನಿಕ್ ಈಗ ಎಲ್ಲಾ ಊರಲ್ಲೂ ಇದೆ, ನೀವು ಹೋದಾಗ ಏನು ನಡೀಬೇಕು, ಏನು ಕೇಳ್ಬೇಕು ಅನ್ನೋದು ಗೊತ್ತಿದ್ರೆ ಸಾಕು.

ಕಾಲು ಉಳುಕಿದ್ದು ಹೋದ ವರ್ಷದ ಆಷಾಢದಲ್ಲಿ. ಪ್ರತಿ ವರ್ಷ ಒಂದು ಶುಕ್ರವಾರ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗೋದು ನಮ್ಮ ಪದ್ಧತಿ. ಹತ್ತೋದು ಆರಾಮಾಗೇ ಆಯ್ತು, ನಂದಿ ಹತ್ರ ಹತ್ತು ನಿಮಿಷ ಕೂತು ಮತ್ತೆ ಹತ್ತಿದ್ವಿ, ದರ್ಶನಾನೂ ಚೆನ್ನಾಗೇ ಆಯ್ತು. ಇಳಿಯೋವಾಗ ಸಣ್ಣಗೆ ಜಿಟಿಜಿಟಿ ಮಳೆ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹೋಗಿರ್ತಾರಲ್ಲ, ಅದು ಮಳೆಗೆ ಕಲಸಿಕೊಂಡು ಜಾರ್ತಿತ್ತು, ಪಕ್ಕದಲ್ಲಿ ಹತ್ತಿ ಬರ್ತಿದ್ದೋರಿಗೆ ದಾರಿ ಬಿಡೋಕೆ ಅಂತ ಕಾಲಿಟ್ಟೆ, ಬಲಪಾದ ಒಳಗಡೆಗೆ ಮಡಚಿಕೊಂಡ್ತು, ಟಕ್ ಅಂತ ಒಂದು ಸದ್ದು ನನ್ನ ಕಿವಿಗೇ ಕೇಳಿಸ್ತು. ಮನೆಗೆ ಬರೋಷ್ಟರಲ್ಲಿ ಹೊರಗಡೆ ಗಿಣ್ಣಿನ ಕೆಳಗೆ ನಿಂಬೆಹಣ್ಣಿನಷ್ಟು ಊತ.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡೋದನ್ನೇ. ಅವತ್ತು ರಾತ್ರೀನೇ ಹುಣಸೆಹಣ್ಣು ಉಪ್ಪು ಕುದಿಸಿ ಬಿಸಿಬಿಸಿ ಪಟ್ಟು ಹಾಕಿದ್ರು ನಮ್ಮತ್ತೆ. ಮಾರನೇ ದಿನ ಉಳುಕು ತೆಗೆಯೋರ ಹತ್ರ ಕರ್ಕೊಂಡು ಹೋದ್ರು, ಅವರು ಎಣ್ಣೆ ಹಚ್ಚಿ ಊತದ ಮೇಲೇ ಹೆಬ್ಬೆರಳಿಟ್ಟು ನೀವಿದ್ರು, ಜೀವ ಹೋಗಿ ಬಂತು, ಸಂಜೆ ಹೊತ್ತಿಗೆ ಪಾದ ಪೂರ್ತಿ ಊದಿಕೊಂಡು ಬೆರಳಿನ ತನಕ ನೀಲಿಗಟ್ಟಿತ್ತು. ಮೂರನೇ ದಿನ ಡಾಕ್ಟರು. ಎಕ್ಸರೇ ತೆಗೆಸಿದ್ರು, ಮೂಳೆ ಮುರಿದಿಲ್ಲ ಅಂದ್ರು, ನೋವಿನ ಮಾತ್ರೆ ಐದು ದಿನಕ್ಕೆ, ಕ್ರೇಪ್ ಬ್ಯಾಂಡೇಜು, ರೆಸ್ಟ್ ಮಾಡಿ. ಅಷ್ಟೇ. ಮೂರು ವಾರಕ್ಕೆ ಊತ ಇಳೀತು, ನಾನು ವಾಸಿ ಆಯ್ತು ಅಂದ್ಕೊಂಡೆ.

ಆಗಿರ್ಲಿಲ್ಲ. ಸಂಜೆ ಆರು ಗಂಟೆ ಆಯ್ತು ಅಂದ್ರೆ ಹರಡು ಭಾರ, ಚಪ್ಪಲಿ ಪಟ್ಟಿಯ ಗುರುತು ಬೀಳೋಷ್ಟು ಊತ. ಬೆಳಗ್ಗೆ ಎದ್ದಾಗ ಹಿಡ್ಕೊಂಡಿರೋದು. ಎಲ್ಲದಕ್ಕಿಂತ ಹೆದರಿಕೆ ಆಗಿದ್ದು ಏನಂದ್ರೆ ಸಮ ನೆಲದ ಮೇಲೆ ನಡೀತಿದ್ರೂ ಇದ್ದಕ್ಕಿದ್ದಂಗೆ ಕಾಲು ಪಟ್ಟನೆ ಮಡಚಿಕೊಳ್ಳೋದು, ದೇವರಾಜ ಮಾರ್ಕೆಟ್ಟಲ್ಲಿ ಒಂದು ಸಲ, ನಮ್ಮನೆ ಗೇಟಿನ ಮುಂದೇನೇ ಎರಡು ಸಲ. ಔಷಧಿ ಅಂಗಡಿಯಿಂದ ಆಂಕಲ್ ಬೈಂಡರ್ ತಂದು ಹಗಲು ರಾತ್ರಿ ಹಾಕ್ಕೊಂಡೇ ಇದ್ದೆ. ಏಳು ತಿಂಗಳು ಹೀಗೇ ಹೋಯ್ತು. ಕೊನೆಗೆ ಅಂಗಡಿಗೆ ಬರೋ ಒಬ್ಬ ಹುಡುಗಿ, ಕಾಲೇಜಲ್ಲಿ ಕಬಡ್ಡಿ ಆಡ್ತಾಳೆ, ಆಂಟಿ ನಂಗೂ ಹೀಗೇ ಆಗಿತ್ತು ಅಂತ ಈ ಕ್ಲಿನಿಕ್ ಹೇಳಿದ್ಲು.

ಮೊದಲನೇ ದಿನ ಐನೂರು ರೂಪಾಯಿ. ಆಮೇಲೆ ಒಂದೊಂದು ಸಿಟ್ಟಿಂಗಿಗೆ ನಾನೂರು. ಆ ಮೊದಲ ದಿನದ ಐನೂರಕ್ಕೆ ಮಾತ್ರ ಒಂದು ರೂಪಾಯಿನೂ ಜಾಸ್ತಿ ಆಯ್ತು ಅಂತ ಅನ್ನಿಸಲಿಲ್ಲ. ಮುಕ್ಕಾಲು ಗಂಟೆ ನೋಡಿದ್ರು. ಫಿಸಿಯೋ ಮೇಡಂಗೆ ಮೂವತ್ತು ಮೂವತ್ತೆರಡು ವಯಸ್ಸಿರಬಹುದು, ನನ್ನ ಅಕ್ಕಾ ಅಂತಾನೇ ಮಾತಾಡಿಸಿದ್ರು. ಮೊದಲು ಹೇಗೆ ಬಿದ್ರಿ ಅಂತ ಕೇಳಿ ಪೂರ್ತಿ ಕಥೆ ಕೇಳಿಸ್ಕೊಂಡ್ರು, ಪಾದ ಒಳಗೆ ತಿರುಗ್ತಾ ಹೊರಗೆ ತಿರುಗ್ತಾ, ಸದ್ದು ಬಂತಾ, ಬಿದ್ದ ತಕ್ಷಣ ನಾಲ್ಕು ಹೆಜ್ಜೆ ಇಡೋಕೆ ಆಯ್ತಾ. ಈ ನಾಲ್ಕು ಹೆಜ್ಜೆಯ ಪ್ರಶ್ನೆ ಯಾಕೆ ಅಂತ ನಾನು ಕೇಳ್ದೆ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಡಾಕ್ಟರುಗಳು ಮಾಡಿದ ಒಂದು ಲೆಕ್ಕ ಇದೆಯಂತೆ, ಎಕ್ಸರೇ ಯಾರಿಗೆ ಬೇಕು ಯಾರಿಗೆ ಬೇಡ ಅಂತ ಹೇಳೋಕೆ. ಒಳಗಡೆ ಹೊರಗಡೆ ಎರಡು ಗಿಣ್ಣಲ್ಲಿ ಯಾವುದಾದ್ರೂ ಒಂದರ ಹಿಂದಿನ ಅಂಚು ಅಥವಾ ತುದಿ ಒತ್ತಿದಾಗ ಮೂಳೆ ಮೇಲೇ ನೋವು ಬಂದ್ರೆ, ಪಾದದ ಹೊರ ಅಂಚಿನ ಮಧ್ಯೆ ಕಿರುಬೆರಳಿನ ನೇರಕ್ಕೆ ಒಂದು ಉಬ್ಬು ಇರುತ್ತಲ್ಲ ಅಲ್ಲಿ ಅಥವಾ ಪಾದದ ಒಳಗಡೆ ಕಮಾನಿನ ಮೇಲಿನ ಮೂಳೆಯಲ್ಲಿ ನೋವು ಬಂದ್ರೆ, ಇಲ್ಲಾಂದ್ರೆ ನಾಲ್ಕು ಹೆಜ್ಜೆ ಊರೋಕೇ ಆಗ್ಲಿಲ್ಲ ಅಂದ್ರೆ ಎಕ್ಸರೇ ತೆಗೆಸಲೇಬೇಕು. ಎಲ್ಲರ ಮನೇಲೂ ಗೊತ್ತಿರಬೇಕಾದ ವಿಷಯ ಇದು, ಕಾಲು ಉಳುಕಿದ ತಕ್ಷಣ ನೀವೋದಕ್ಕೆ ಹೋಗೋ ಮುಂಚೆ ಇದನ್ನ ನೋಡಬೇಕು, ಮುರಿದ ಮೂಳೆ ಮೇಲೆ ಎಣ್ಣೆ ತಿಕ್ಕಿಸಿಕೊಂಡೋರು ಎಷ್ಟು ಜನ ಇದ್ದಾರೋ.

ಆಮೇಲೆ ಅಳತೆ. ಇಲ್ಲಿ ನಂಗೆ ತುಂಬಾ ಖುಷಿ ಆಯ್ತು, ಯಾಕಂದ್ರೆ ಅವರ ಕೈಯಲ್ಲಿದ್ದಿದ್ದು ನಮ್ಮ ಇಂಚು ಟೇಪು. ಊತ ಎಷ್ಟಿದೆ ಅಂತ ಕಣ್ಣಲ್ಲಿ ನೋಡಿ ಹೇಳೋದಲ್ಲ, ಟೇಪನ್ನ 8ರ ಅಂಕಿ ಥರ ಸುತ್ತುತಾರೆ. ಹರಡಿನ ಮುಂಭಾಗದಿಂದ ಶುರು ಮಾಡಿ ಒಳಗಡೆಗೆ ಇಳಿಸಿ, ಅಂಗಾಲಿನ ಅಡಿಯಿಂದ ಹೊರಗಡೆ ತಂದು, ಪಾದದ ಮೇಲೆ ಅಡ್ಡ ಹಾಯಿಸಿ ಒಳ ಗಿಣ್ಣಿನ ಕೆಳಗಿಂದ ಹಿಂದೆ ಸುತ್ತಿ, ಹೊರ ಗಿಣ್ಣಿನ ಕೆಳಗಿಂದ ಮತ್ತೆ ಶುರು ಮಾಡಿದ ಜಾಗಕ್ಕೆ. ಬಲಗಾಲು 50.5 ಸೆಂಟಿಮೀಟರು, ಎಡಗಾಲು 49. ಏಳು ತಿಂಗಳಾದ್ಮೇಲೂ ಒಂದೂವರೆ ಸೆಂಟಿಮೀಟರ್ ಊತ ಉಳಿದಿತ್ತು, ನನ್ನ ಕಣ್ಣಿಗೆ ಕಾಣ್ತಿರ್ಲಿಲ್ಲ. ಬ್ಲೌಸಿನ ತೋಳಿನ ಸುತ್ತಳತೆ ತಗೊಳ್ಳೋವಾಗ ಟೇಪು ಬಿಗಿ ಹಿಡಿದ್ರೆ ಸಡಿಲ ಬಿಟ್ರೆ ಎಷ್ಟು ವ್ಯತ್ಯಾಸ ಬರುತ್ತೆ ಅಂತ ನಂಗೊತ್ತು, ಅವರು ಮೂರು ಸಲ ಅಳೆದು ನೋಡಿ ಬರೆದ್ಕೊಂಡ್ರು, ಆಗ್ಲೇ ನಂಬಿಕೆ ಬಂತು.

ಆಮೇಲೆ ಗೋಡೆ ಮುಂದೆ ನಿಲ್ಲಿಸಿದ್ರು. ಹಿಮ್ಮಡಿ ನೆಲದಿಂದ ಏಳಿಸದೇ ಮಂಡಿ ಬಗ್ಗಿಸಿ ಗೋಡೆಗೆ ಮುಟ್ಟಿಸಬೇಕು, ಪಾದ ಎಷ್ಟು ಹಿಂದೆ ಇಟ್ಟರೂ ಮುಟ್ಟುತ್ತೆ ಅಂತ ಹೆಬ್ಬೆರಳಿನಿಂದ ಗೋಡೆವರೆಗೆ ಅಳತೆ. ಎಡಗಾಲು 11 ಸೆಂಟಿಮೀಟರ್ ದೂರದಿಂದಲೂ ಮುಟ್ಟಿತು, ಬಲಗಾಲು 5ಕ್ಕೇ ನಿಂತೋಯ್ತು. ಆಮೇಲೆ ಒಂಟಿಕಾಲಲ್ಲಿ ನಿಂತು ಕಣ್ಣು ಮುಚ್ಚಿ ಅಂದ್ರು. ಎಡಗಾಲಲ್ಲಿ 18 ಸೆಕೆಂಡು ನಿಂತೆ. ಬಲಗಾಲಲ್ಲಿ ಕಣ್ಣು ಮುಚ್ಚಿದ್ದೇ ತಡ, ಮೂರು ಸೆಕೆಂಡಿಗೆ ಅವರ ಹೆಗಲು ಹಿಡ್ಕೊಂಡೆ. ಒಂಟಿಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸೋದು ಎಡಗಾಲಲ್ಲಿ 17, ಬಲಗಾಲಲ್ಲಿ 6. ನಿಜ ಹೇಳ್ತೀನಿ, ಆಗ ಅಳು ಬಂದ್ಬಿಡ್ತು. ಏಳು ತಿಂಗಳು ವಾಸಿ ಆಗಿದೆ ವಾಸಿ ಆಗಿದೆ ಅಂತ ನನಗೆ ನಾನೇ ಹೇಳ್ಕೊಂಡು ಓಡಾಡಿದ್ದು ಈ ಕಾಲಲ್ಲಿ.

ಅವರು ಕೂರಿಸಿ ಒಂದು ಪ್ಲಾಸ್ಟಿಕ್ ಪಾದದ ಮೂಳೆ ತಂದು ತೋರಿಸಿದ್ರು. ಒಂದು ಪಾದದಲ್ಲಿ 26 ಮೂಳೆ, 33 ಕೀಲು. ಹರಡಿನಲ್ಲಿ ಕಾಲಿನ ಎರಡು ಮೂಳೆ ಎರಡೂ ಕಡೆಯಿಂದ ಇಕ್ಕಳದ ಥರ ಇಳಿದು ಮಧ್ಯೆ ಒಂದು ಸಣ್ಣ ಮೂಳೆನ ಹಿಡ್ಕೊಂಡಿರ್ತವೆ. ಹೊರಗಡೆ ಅದನ್ನ ಕಟ್ಟಿಟ್ಟಿರೋದು ಮೂರು ಲಿಗಮೆಂಟು, ಪಾದ ಒಳಗೆ ಮಡಚಿಕೊಂಡಾಗ ಮೂರರಲ್ಲಿ ಮುಂದಿನದು ಮೊದಲು ಹರಿಯುತ್ತೆ, ಯಾಕಂದ್ರೆ ಅದೇ ಎಲ್ಲಕ್ಕಿಂತ ಬಡವಾದ್ದು. ಇದೆಲ್ಲ ನನಗೆ ಅರ್ಥ ಆಯ್ತು, ಆದ್ರೆ ಮನಸ್ಸಿಗೆ ಹೋಗಿದ್ದು ಮುಂದಿನ ಮಾತು. ಆ ಲಿಗಮೆಂಟು ಬರೀ ಹಗ್ಗ ಅಲ್ಲವಂತೆ, ಅದರೊಳಗೆ ನರದ ತುದಿಗಳಿರ್ತವೆ, ಪಾದ ಯಾವ ಕಡೆ ವಾಲ್ತಿದೆ ಅಂತ ಕ್ಷಣಕ್ಷಣಕ್ಕೂ ಮೆದುಳಿಗೆ ಹೇಳ್ತಿರ್ತವೆ, ಮೆದುಳು ತಕ್ಷಣ ಕಾಲಿನ ಹೊರಗಡೆ ಸ್ನಾಯುವನ್ನ ಬಿಗಿ ಮಾಡಿ ಪಾದ ಮಡಚದಂಗೆ ಹಿಡಿಯುತ್ತೆ. ಲಿಗಮೆಂಟು ಹರಿದಾಗ ಆ ಸುದ್ದಿ ಹೋಗೋದು ನಿಧಾನ ಆಗುತ್ತೆ, ಸ್ನಾಯು ಎಚ್ಚರ ಆಗೋಷ್ಟರಲ್ಲಿ ಕಾಲು ಮಡಚಿ ಆಗಿರುತ್ತೆ. ಸಮ ನೆಲದಲ್ಲಿ ನಾನು ಮುಗ್ಗರಿಸ್ತಿದ್ದಿದ್ದು ಇದಕ್ಕೆ. ಊತ ಇಳಿಯೋದು ಬೇರೆ, ಈ ಸುದ್ದಿ ಮತ್ತೆ ಓಡಾಡೋದು ಬೇರೆ. ಮೆಷಿನ್ ಟೆನ್ಷನ್ ಸರಿಯಿಲ್ಲದೆ ಹೊಲಿದ್ರೆ ಹೊಲಿಗೆ ಮೇಲಿಂದ ಸರಿಯಾಗೇ ಕಾಣುತ್ತೆ ನೋಡಿ, ಎರಡು ಕಡೆ ಹಿಡಿದು ಎಳೆದಾಗಲೇ ಬಾಯಿ ಬಿಡೋದು, ನನ್ನ ಕಾಲು ಹಂಗಾಗಿತ್ತು.

ಕಸರತ್ತು ಒಂದೊಂದಾಗಿ ಸೇರಿಸ್ತಾ ಹೋದ್ರು, ಎಲ್ಲಾ ಒಟ್ಟಿಗೆ ಕೊಡಲಿಲ್ಲ. ಮೊದಲ ವಾರ ಕೂತ್ಕೊಂಡು ಹೆಬ್ಬೆರಳಿನಿಂದ ಗಾಳಿಯಲ್ಲಿ ಎಬಿಸಿಡಿ ಬರೀರಿ ಅಂದ್ರು, ನಾನು ಅಆಇಈ ಬರೆದೆ, ನಮ್ಮ ಅಕ್ಷರ ಎಲ್ಲಾ ಗುಂಡುಗುಂಡಗೆ ಇದ್ಯಲ್ಲ, ಋ ಮತ್ತೆ ಳ ಬರೆಯೋವಾಗ ಹರಡು ಪೂರ್ತಿ ಒಂದು ಸುತ್ತು ಬರುತ್ತೆ, ಮೇಡಂಗೂ ತೋರಿಸಿದೆ, ಈಗ ಬೇರೆ ಪೇಷೆಂಟಿಗೂ ಹಾಗೇ ಹೇಳ್ತಾರೆ. ಆಮೇಲೆ ರಬ್ಬರ್ ಬ್ಯಾಂಡು, ಥೆರಾಬ್ಯಾಂಡ್ ಅಂತಾರಲ್ಲ ಅದು. ಹಳದಿಯಿಂದ ಶುರು, ಆಮೇಲೆ ಕೆಂಪು, ಹಸಿರು, ಬಣ್ಣ ಬದಲಾದಂಗೆ ಬಿಗಿ ಜಾಸ್ತಿ. ಪಾದಕ್ಕೆ ಸುತ್ತಿ ಹೊರಗಡೆಗೆ ತಳ್ಳೋದು, ನಿಧಾನಕ್ಕೆ ವಾಪಸ್ ಬಿಡೋದು. ವಾಪಸ್ ಬಿಡೋದೇ ಮುಖ್ಯ ಅಂತ ಪ್ರತಿ ಸಲ ಹೇಳಿದ್ರು, ಪಟ್ ಅಂತ ಬಿಟ್ರೆ ಕೆಲಸ ಆಗಲ್ಲ. ನೆಲದ ಮೇಲೆ ಟವೆಲ್ ಹಾಸಿ ಬೆರಳಲ್ಲಿ ಎಳ್ಕೊಳ್ಳೋದು ಇನ್ನೊಂದು, ಅದಕ್ಕೆ ನಮ್ಮನೇಲಿ ಕಟ್ಟಿಂಗ್ ಪೀಸಿಗೆ ಬರವಿಲ್ಲ.

ಮೂರನೇ ವಾರದಿಂದ ನಿಂತ್ಕೊಂಡು. ಅಡುಗೆಮನೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಹದಿನೈದು ಹದಿನೈದರಂತೆ ಮೂರು ಸಲ, ಮೊದಲು ಎರಡೂ ಕಾಲಲ್ಲಿ, ಆಮೇಲೆ ಎರಡರಲ್ಲಿ ಎತ್ತಿ ಒಂದರಲ್ಲಿ ಇಳಿಸೋದು, ಆಮೇಲೆ ಒಂದರಲ್ಲೇ. ಒಂಟಿಕಾಲಲ್ಲಿ ನಿಲ್ಲೋದನ್ನ ನಾನು ದೋಸೆ ಹುಯ್ಯೋವಾಗ ಮಾಡ್ತಿದ್ದೆ, ಒಂದು ದೋಸೆ ಬೇಯೋ ತನಕ ಬಲಗಾಲು, ಮಗುಚಿ ಹಾಕಿದ್ಮೇಲೆ ಎಡಗಾಲು, ಹತ್ತು ದೋಸೆ ಅಂದ್ರೆ ಲೆಕ್ಕ ಹಾಕೋದೇ ಬೇಡ. ಕೊನೆಕೊನೆಗೆ ದಿಂಬಿನ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿ ಚೆಂಡು ಎಸೆದು ಹಿಡೀರಿ ಅಂತಿದ್ರು. ಕಷ್ಟಾನೇ, ಮೀನಖಂಡ ಎಲ್ಲಾ ನಡುಗುತ್ತೆ. ಆದ್ರೆ ಬೇರೆ ಏನೇ ಬಿಟ್ಟರೂ ಇದನ್ನ ಬಿಡಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿದ್ರು, ಒಂದು ಸಲ ಉಳುಕಿದ ಕಾಲು ಮತ್ತೆ ಮತ್ತೆ ಉಳುಕೋದನ್ನ ತಪ್ಪಿಸೋದು ಇದೇ ಅಂತೆ. ನೋವಿನ ಲೆಕ್ಕಾನೂ ಹೇಳ್ಕೊಟ್ರು: ಮಾಡ್ವಾಗ ಸ್ವಲ್ಪ ನೋವು ಬಂದ್ರೆ ಪರವಾಗಿಲ್ಲ, ಮಾರನೇ ಬೆಳಗ್ಗೆಗೆ ಮುಂಚಿನ ಸ್ಥಿತಿಗೆ ಬಂದಿರಬೇಕು, ಊತ ಜಾಸ್ತಿ ಆಗಿದ್ರೆ ಹಿಂದಿನ ದಿನ ಅತಿ ಆಯ್ತು ಅಂತ ಅರ್ಥ, ಎಣಿಕೆ ಕಮ್ಮಿ ಮಾಡಿ, ನಿಲ್ಲಿಸ್ಬೇಡಿ.

ನಾಲ್ಕನೇ ಸಿಟ್ಟಿಂಗಲ್ಲಿ ಒಂದು ಕೆಲಸ ಮಾಡಿದ್ರು, ಇದಕ್ಕೇ ಅವರಿಗೆ ಪೂರ್ತಿ ಮಾರ್ಕ್ಸ್ ಕೊಡ್ಬೇಕು. ನೀವು ಮೆಷಿನ್ ಮುಂದೆ ಕೂತು ಹೊಲಿಯೋದನ್ನ ಪಕ್ಕದಿಂದ ವಿಡಿಯೋ ಮಾಡ್ಕೊಂಡು ಬನ್ನಿ ಅಂದ್ರು. ನಮ್ಮನೆಯವರು ಮೊಬೈಲಲ್ಲಿ ತೆಗೆದ್ರು. ಅದನ್ನ ನಿಲ್ಲಿಸಿ ನಿಲ್ಲಿಸಿ ತೋರಿಸಿದಾಗ ನಂಗೇ ಆಶ್ಚರ್ಯ. ನನ್ನದು ಮೋಟರ್ ಮೆಷಿನ್, ಪೆಡಲ್ಲು ಬಲಗಾಲಿಗೆ. ಪೆಡಲ್ಲು ದೂರ ಇತ್ತು, ಕಾಲು ಮುಂದೆ ಚಾಚಿ ಹಿಮ್ಮಡಿ ಗಾಳಿಯಲ್ಲಿ ತೇಲಿಸ್ಕೊಂಡು ಬೆರಳ ತುದಿಯಲ್ಲಿ ಒತ್ತುತಿದ್ದೆ, ದಿನಕ್ಕೆ ಎಂಟು ಗಂಟೆ ಹೀಗೇ. ಅಂದ್ರೆ ಹರಡು ದಿನವಿಡೀ ಕೆಳಮುಖವಾಗೇ ಇರೋದು, ಮೇಲ್ಮುಖ ಬಗ್ಗೋದೇ ಮರೆತುಹೋಗಿತ್ತು, ಗೋಡೆ ಪರೀಕ್ಷೆಯಲ್ಲಿ 5 ಬಂದಿದ್ದು ಸುಮ್ನೆ ಅಲ್ಲ. ಪೆಡಲ್ಲನ್ನ ನಾಲ್ಕು ಇಂಚು ಹತ್ರ ಎಳ್ಕೊಳ್ಳಿ, ಹಿಮ್ಮಡಿ ಊರೋಕೆ ಒಂದು ತೆಳು ಹಲಗೆ ಹಾಕಿ, ಅರ್ಧ ಗಂಟೆಗೊಮ್ಮೆ ಎದ್ದು ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ, ಮೀನಖಂಡ ಹಿಂಡಿದ್ರೇ ಕಾಲಲ್ಲಿ ನಿಂತ ರಕ್ತ ಮೇಲಕ್ಕೆ ಹೋಗೋದು ಅಂದ್ರು. ಬಡಗಿ ಹತ್ರ ಎಂಬತ್ತು ರೂಪಾಯಿಗೆ ಹಲಗೆ ಮಾಡಿಸಿದೆ. ಸಂಜೆ ಊತ ಎರಡು ವಾರದಲ್ಲಿ ಅರ್ಧ ಆಯ್ತು. ಏಳು ತಿಂಗಳು ಆ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಕಾಲಿಗೆ ಮದ್ದು ಹುಡುಕ್ತಿದ್ದೆ ನಾನು.

ಇನ್ನು ಬೇಜಾರಿನ ವಿಷಯ. ಕ್ಲಿನಿಕ್ ಇರೋದು ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಕಡಿದಾದ ಮೆಟ್ಟಿಲು, ಒಂದು ಕಡೆ ಮಾತ್ರ ಕಂಬಿ. ಕಾಲು ಮಂಡಿ ಸೊಂಟ ನೋವಿನವರೇ ಬರೋ ಜಾಗ ಅದು, ವಯಸ್ಸಾದವರು ಮಗನ ಹೆಗಲು ಹಿಡ್ಕೊಂಡು ಅರ್ಧ ಹತ್ತಿ ನಿಂತು ಉಸಿರು ತಗೊಳ್ಳೋದನ್ನ ನೋಡಿದ್ರೆ ಸಂಕಟ ಆಗುತ್ತೆ. ಇನ್ನೊಂದು ಕಡೆ ಕಂಬಿನಾದ್ರೂ ಹಾಕಿಸ್ಲಿ. ಅಪಾಯಿಂಟ್‌ಮೆಂಟ್ ಅಂತ ಟೈಮು ಕೊಟ್ಟು ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾಯಿಸ್ತಾರೆ. ಮೊದಲನೇ ದಿನಾನೇ ಕೌಂಟರಲ್ಲಿ ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜ್ ತಗೊಳ್ಳಿ ಡಿಸ್ಕೌಂಟ್ ಇದೆ ಅಂತ ಒತ್ತಾಯ ಮಾಡಿದ್ರು, ನಾನು ತಗೊಳ್ಳಲಿಲ್ಲ, ಒಳ್ಳೇದೇ ಆಯ್ತು, ಹನ್ನೆರಡಕ್ಕೆ ಮುಗೀತು. ಮತ್ತೆ ಆ ಮೆಷಿನ್ನುಗಳು, ಒದ್ದೆ ಪ್ಯಾಡ್ ಕಟ್ಟಿ ಚುರುಚುರು ಕರೆಂಟ್ ಕೊಡೋದು, ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಉಜ್ಜೋದು, ಮೊದಲ ಮೂರು ಸಿಟ್ಟಿಂಗಲ್ಲಿ ಅರ್ಧ ಟೈಮು ಅದಕ್ಕೇ ಹೋಯ್ತು. ಆ ಹೊತ್ತಿಗೆ ಹಾಯ್ ಅನ್ನಿಸುತ್ತೆ, ಮನೆಗೆ ಬರೋಷ್ಟರಲ್ಲಿ ಮೊದಲಿನಂಗೇ. ಮೇಡಂ ಇದರಿಂದ ಕಾಲಿಗೆ ಶಕ್ತಿ ಬರುತ್ತಾ ಅಂತ ನೇರವಾಗೇ ಕೇಳಿದೆ. ಇಲ್ಲ ಅಕ್ಕಾ, ಶಕ್ತಿ ಕಸರತ್ತಿಂದಾನೇ, ಇದು ಬೇಡ ಅಂದ್ರೆ ಬಿಡೋಣ ಅಂದ್ರು. ಬಿಟ್ವಿ. ನೀವು ಹೋದ ಕಡೆ ಬರೀ ಮೆಷಿನ್ ಹಚ್ಚಿ ಮಲಗಿಸಿ ಕಳಿಸ್ತಿದ್ರೆ ಕೇಳಿ, ಕೇಳೋಕೆ ಸಂಕೋಚ ಪಡಬೇಡಿ, ದುಡ್ಡು ನಮ್ಮದು ಕಾಲೂ ನಮ್ಮದು.

ಕಸರತ್ತಿನ ಹಾಳೆ ಇಂಗ್ಲಿಷಲ್ಲಿ ಮಾತ್ರ ಇತ್ತು. ನಾನೇ ಕೂತು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಚಿತ್ರ ಬಿಡಿಸಿ ಕೊಟ್ಟೆ. ಈಗ ಅದರದೇ ಜೆರಾಕ್ಸ್ ಕೊಡ್ತಿದ್ದಾರೆ, ಸಂತೋಷ.

ಸಾಮಾನುಗಳ ಬಗ್ಗೆ ಬಹಳ ಜನ ಕೇಳ್ತಾರೆ. ಆಂಕಲ್ ಬೈಂಡರ್, ನಾನು ಕೊಟ್ಟಿದ್ದು 280. ಉಳುಕಿದ ಮೊದಲ ಕೆಲವು ವಾರ, ಆಮೇಲೆ ಹಳ್ಳದಿಣ್ಣೆ ಇರೋ ಕಡೆ ನಡೆಯೋವಾಗ, ಆಟ ಆಡೋವಾಗ ಬಹಳ ಒಳ್ಳೇದು. ನನ್ನಂಗೆ ಏಳು ತಿಂಗಳು ನಿದ್ದೆಯಲ್ಲೂ ಹಾಕ್ಕೊಂಡಿರಬೇಡಿ. ಕ್ರೇಪ್ ಬ್ಯಾಂಡೇಜು ಬೆರಳ ಕಡೆಯಿಂದ ಶುರು ಮಾಡಿ ಮೇಲಕ್ಕೆ ಸುತ್ತಬೇಕು, ನಾನು ಮೇಲಿಂದ ಕೆಳಗೆ ಸುತ್ತುತಿದ್ದೆ, ಅದಕ್ಕೇ ಊತ ಎಲ್ಲಾ ಪಾದಕ್ಕೆ ಇಳೀತಿತ್ತು, ಬೆರಳು ತಣ್ಣಗಾದ್ರೆ ಜೋಮು ಹಿಡಿದ್ರೆ ತಕ್ಷಣ ಬಿಚ್ಚಿ. ಥೆರಾಬ್ಯಾಂಡು 350, ಮೂರು ಬಣ್ಣ ಬಂತು, ಕೊಟ್ಟ ದುಡ್ಡಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದು. ಸಿಲಿಕೋನ್ ಹೀಲ್ ಕಪ್, ಹಿಮ್ಮಡಿ ಅಡಿಗೆ ಇಡೋ ಮೆತ್ತೆ, 400, ನನ್ನ ತೊಂದರೆಗೆ ಅದು ಬೇಕಾಗೇ ಇರ್ಲಿಲ್ಲ, ಔಷಧಿ ಅಂಗಡಿಯವರು ಕೊಟ್ರು ತಗೊಂಡೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಅಡಿಯಲ್ಲಿ ಮುಳ್ಳು ಚುಚ್ಚಿದಂಗೆ ಆಗಿ ನಾಲ್ಕು ಹೆಜ್ಜೆ ನಡೆದ್ಮೇಲೆ ಕಮ್ಮಿ ಆಗುತ್ತಲ್ಲ, ಅಂಥವರಿಗೆ ಅದು, ಅದು ಅಂಗಾಲಿನ ಪಟ್ಟಿಯ ನೋವು, ಹರಡಿನದಲ್ಲ. ನನ್ನದನ್ನ ಪಕ್ಕದ ಮನೆ ಟೀಚರಮ್ಮನಿಗೆ ಕೊಟ್ಟೆ, ದಿನವಿಡೀ ನಿಂತು ಪಾಠ ಮಾಡ್ತಾರೆ, ಅವರಿಗೆ ಉಪಯೋಗ ಆಗ್ತಿದೆ.

ಎಂಸಿಆರ್ ಚಪ್ಪಲಿ 900 ಕೊಟ್ಟು ತಂದೆ, ನನಗಲ್ಲ, ಅಮ್ಮನಿಗೆ. ಇದನ್ನ ಸ್ವಲ್ಪ ವಿವರವಾಗಿ ಹೇಳ್ಲೇಬೇಕು. ಅಮ್ಮನಿಗೆ 68, ಸಕ್ಕರೆ ಕಾಯಿಲೆ ಹದಿನೆಂಟು ವರ್ಷದಿಂದ. ಒಂದು ದಿನ ಜೊತೇಲಿ ಬಂದಿದ್ರು, ಪಾದ ಉರಿ ಅಂತಿದ್ರು. ಮೇಡಂ ಒಂದು ಸಣ್ಣ ನೈಲಾನ್ ಎಳೆ ತಗೊಂಡು, ಅದು ಹತ್ತು ಗ್ರಾಂ ಒತ್ತಡಕ್ಕೆ ಬಾಗೋ ಥರ ಮಾಡಿರ್ತಾರಂತೆ, ಅಮ್ಮನ ಕಣ್ಣು ಮುಚ್ಚಿಸಿ ಅಂಗಾಲಿನ ಒಂದೊಂದು ಜಾಗಕ್ಕೆ ಮುಟ್ಟಿಸ್ತಾ ಗೊತ್ತಾಯ್ತಾ ಅಮ್ಮಾ ಅಂತ ಕೇಳಿದ್ರು. ಬಲಪಾದದ ಹೆಬ್ಬೆರಳಿನ ಬುಡದಲ್ಲಿ ಮುಟ್ಟಿದಾಗ ಅಮ್ಮ ಸುಮ್ಮನೇ ಇದ್ರು. ಇನ್ನೂ ಮುಟ್ಟಿಸಿಲ್ವಲ್ಲಾ ಅಂದ್ರು. ನನ್ನ ಎದೆ ಧಸಕ್ಕೆಂತು. ಅವತ್ತೇ ಅವರ ಸಕ್ಕರೆ ಡಾಕ್ಟರ ಹತ್ರ ಕಳಿಸಿದ್ರು. ಎಂಸಿಆರ್ ಅಂದ್ರೆ ಮೈಕ್ರೋ ಸೆಲ್ಯುಲರ್ ರಬ್ಬರು, ಮೆತ್ತಗಿರುತ್ತೆ ಆದ್ರೆ ತಳ ಕುಸಿಯಲ್ಲ, ಒತ್ತಡ ಒಂದೇ ಕಡೆ ಬೀಳದಂಗೆ ಹಂಚುತ್ತೆ. ಇದರ ಹಿಂದೆ ಒಂದು ದೊಡ್ಡ ಕಥೆ ಇದೆ, ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗದಿಂದ ಪಾದದ ಸ್ಪರ್ಶ ಹೋದವರಿಗೆ ಗಾಯ ಆಗದಂಗೆ ಇಂಥ ಪಾದರಕ್ಷೆ ಮಾಡಿಸಿದ್ರು, ಅದೇ ಈಗ ಸಕ್ಕರೆ ಕಾಯಿಲೆಯವರ ಕಾಲು ಕಾಯ್ತಿದೆ. ಅಮ್ಮನಿಗೆ ಹೇಳಿದ್ದು ಇಷ್ಟು: ಮನೆಯೊಳಗೂ ಬರಿಗಾಲು ಬೇಡ, ಪ್ರತಿ ರಾತ್ರಿ ಕನ್ನಡಿ ಇಟ್ಟು ಅಂಗಾಲು ನೋಡ್ಕೊಳ್ಳಿ, ಬಿಸಿನೀರಿನ ಶಾಖ ಖಂಡಿತ ಬೇಡ, ಸುಟ್ಟರೂ ಗೊತ್ತಾಗಲ್ಲ. ಪಾದ ಕೆಂಪಾಗಿ ಬಿಸಿಯಾಗಿ ಊದಿಕೊಂಡು ನೋವು ಮಾತ್ರ ಅಷ್ಟಾಗಿ ಇಲ್ಲ ಅಂದ್ರೆ ಉಳುಕಿರಬೇಕು ಅಂತ ಸುಮ್ಮನಾಗಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ಒಳಗೆ ಮೂಳೆ ಕೀಲು ಕುಸೀತಿರಬಹುದು. ಸಕ್ಕರೆ ಇರೋ ಅಪ್ಪ ಅಮ್ಮ ಮನೇಲಿದ್ರೆ ಈ ಮಾತು ನೆನಪಿಟ್ಕೊಳ್ಳಿ ಕಣ್ರೀ.

ನನ್ನ ಮೈದುನನ ಕಥೆ ಇನ್ನೊಂದು ಥರ. ರಾತ್ರಿ ಎರಡು ಗಂಟೆಗೆ ಹೆಬ್ಬೆರಳಿನ ಬುಡದ ಕೀಲು ಕೆಂಪಾಗಿ ಉರಿದು ಹೊದಿಕೆ ತಾಗಿದ್ರೂ ಕಿರುಚೋ ಹಂಗಾಗಿತ್ತು. ಎಲ್ಲೋ ಎಡವಿರಬೇಕು ಅಂತ ಮುಲಾಮು ಹಚ್ಚಿಕೊಂಡು ನನ್ನ ಜೊತೆ ಕ್ಲಿನಿಕ್ಕಿಗೆ ಬಂದ. ಮೇಡಂ ನೋಡಿದವರೇ ಕೈನೂ ಇಡಲಿಲ್ಲ, ಇದು ನಮ್ಮ ಕೆಲಸ ಅಲ್ಲ, ಡಾಕ್ಟರ ಹತ್ರ ಹೋಗಿ ಅಂತ ಫೀಸೂ ತಗೊಳ್ಳದೇ ಕಳಿಸಿದ್ರು. ಗೌಟು. ಯೂರಿಕ್ ಆಸಿಡ್ 8.4 ಇತ್ತು. ರಕ್ತದಲ್ಲಿ ಅದು 6.8 ದಾಟಿದ್ರೆ ಕರಗದೇ ಸೂಜಿ ಥರ ಹರಳು ಕಟ್ಟಿ ಕೀಲಲ್ಲಿ ಕೂರೋಕೆ ಶುರುವಾಗುತ್ತೆ ಅಂತ ಡಾಕ್ಟರು ಹೇಳಿದ್ರಂತೆ. ನೋವಿರೋ ದಿನ ಟೆಸ್ಟ್ ಮಾಡಿಸಿದ್ರೆ ಕೆಲವು ಸಲ ನಾರ್ಮಲ್ ಬರೋದೂ ಉಂಟು, ಹಾಗಾಗಿ ಎರಡು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಅವನು ಹೆದರಿ ಬೇಳೆ ಸೊಪ್ಪು ಎಲ್ಲಾ ಬಿಟ್ಟಿದ್ದ, ಬಿಡಬೇಕಾಗಿದ್ದಿದ್ದು ಬಿಯರು ಮತ್ತೆ ಲಿವರು ಬೋಟಿ, ಸಾರಿಗೆ ಹಾಕೋ ಬೇಳೆ ಅಲ್ಲ. ಈಗ ಮಾತ್ರೆ ಮೇಲೆ 6ರ ಒಳಗಿದೆ. ಬೆಳಗ್ಗೆ ಒಂದು ಗಂಟೆ ಹೊತ್ತು ಎರಡೂ ಪಾದ, ಕೈಬೆರಳ ಗಿಣ್ಣು ಎಲ್ಲಾ ಬಿಗಿದುಕೊಂಡಿರೋದಾದ್ರೆ ಅದು ಇನ್ನೊಂದು, ಸಂಧಿವಾತದ ಡಾಕ್ಟರನ್ನೇ ನೋಡಬೇಕಾದ್ದು. ತನ್ನ ಕೈಲಿ ಆಗದ್ದನ್ನ ಆಗಲ್ಲ ಅಂತ ಹೇಳಿ ಸರಿಯಾದ ಕಡೆ ಕಳಿಸೋ ಕ್ಲಿನಿಕ್ಕನ್ನ ನಾನು ನಂಬ್ತೀನಿ, ಅದೊಂದಕ್ಕೇ ಮತ್ತೆ ಹೋಗ್ತೀನಿ.

ಐಸ್ ಬಗ್ಗೆ ಒಂದು ಮಾತು, ಎಲ್ಲರೂ ಕೇಳೋದ್ರಿಂದ. ರೆಸ್ಟು, ಐಸು, ಬಿಗಿಯಾಗಿ ಕಟ್ಟೋದು, ಕಾಲು ಎತ್ತರ ಇಡೋದು ಅನ್ನೋ ಸೂತ್ರನ 1978ರಲ್ಲಿ ಗೇಬ್ ಮಿರ್ಕಿನ್ ಅಂತ ಅಮೆರಿಕದ ಡಾಕ್ಟರು ಹೇಳಿದ್ದು, ಆಮೇಲೆ ಅವರೇ ಪೂರ್ತಿ ರೆಸ್ಟು ಮತ್ತೆ ಐಸು ವಾಸಿಯಾಗೋದನ್ನ ತಡ ಮಾಡಬಹುದು ಅಂತ ಮಾತು ಬದಲಾಯಿಸಿದ್ರಂತೆ. ನಮ್ಮ ಮೇಡಂ ಹೇಳೋದು, ನೋವು ತಡೆಯೋಕಾಗದಿದ್ರೆ ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಿ, ಆದ್ರೆ ವಾರಗಟ್ಟಲೆ ಅಲ್ಲಾಡಿಸದೇ ಕೂರಬೇಡಿ, ಮೂಳೆ ಮುರಿದಿಲ್ಲ ಅಂತ ಖಾತ್ರಿ ಆದ್ಮೇಲೆ ತಡೆಯೋಷ್ಟು ಅಲ್ಲಾಡಿಸ್ತಾ ಬನ್ನಿ. ಮೊದಲ ಎರಡು ಮೂರು ದಿನ ಶಾಖ, ಎಣ್ಣೆ ಉಜ್ಜೋದು ಎರಡೂ ಬೇಡ. ನಮ್ಮತ್ತೆ ಪ್ರೀತಿಯಿಂದ ಹಾಕಿದ ಪಟ್ಟು ಅದು, ನಾನು ಅವರನ್ನ ದೂರಲ್ಲ, ನಮಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ ಅಷ್ಟೇ.

ಒಟ್ಟು ಖರ್ಚು ಕ್ಲಿನಿಕ್ಕಿಗೆ 4,900. ಫೆಬ್ರವರಿಯಲ್ಲಿ ಶುರು ಮಾಡಿ ಒಂಬತ್ತು ವಾರದಲ್ಲಿ ಹನ್ನೆರಡು ಸಿಟ್ಟಿಂಗು, ಮೊದಲು ವಾರಕ್ಕೆ ಎರಡು, ಆಮೇಲೆ ಒಂದು, ಉಳಿದ ದಿನ ಮನೇಲೇ. ಶುರುವಿನಲ್ಲೇ ಇನ್ನೊಂದು ಕಡೆ ಎಂಆರ್‌ಐ ಮಾಡಿಸಿ ಏಳು ಸಾವಿರ ಆಗುತ್ತೆ ಅಂದಿದ್ರು, ಮೇಡಂ ಎರಡು ತಿಂಗಳು ಕಸರತ್ತು ನೋಡೋಣ, ಸುಧಾರಿಸದಿದ್ರೆ ನಾನೇ ಮೂಳೆ ಡಾಕ್ಟರಿಗೆ ಬರೆದುಕೊಡ್ತೀನಿ ಅಂದಿದ್ರು, ಅದು ಬೇಕಾಗಲಿಲ್ಲ. ಕೊನೇ ದಿನ ಮತ್ತೆ ಅಳತೆ: ಟೇಪಲ್ಲಿ ಬಲಗಾಲು 49.3, ಗೋಡೆ 9.5, ಕಣ್ಣು ಮುಚ್ಚಿ ಒಂಟಿಕಾಲು 16 ಸೆಕೆಂಡು, ಹಿಮ್ಮಡಿ ಎತ್ತೋದು 19. ಇದರಲ್ಲಿ ಹಿಮ್ಮಡಿ ಎತ್ತೋದು ಎಡಗಾಲನ್ನೂ ದಾಟಿತ್ತು, ಎಡಗಾಲನ್ನೂ ಸೇರಿಸಿ ಮಾಡಿ ಅಕ್ಕಾ ಅಂತ ಬೈದ್ರು. ಮಾರ್ಚ್ ಕೊನೆಯಿಂದ ಇಲ್ಲಿವರೆಗೆ ಒಂದು ಸಲಾನೂ ಕಾಲು ಮಡಚಿಕೊಂಡಿಲ್ಲ. ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗ್ಗೆ ವಾಕಿಂಗ್ ಹೋಗ್ತೀನಿ, ಬೇರು ಎದ್ದಿರೋ ಕಡೆ ಮೊದಲಿನಂಗೆ ನಿಂತು ಯೋಚನೆ ಮಾಡಲ್ಲ. ಮಳೆಗಾಲದಲ್ಲಿ ಸ್ವಲ್ಪ ಹಿಡ್ಕೊಳ್ಳೋದು ಇನ್ನೂ ಇದೆ, ಅದೂ ಇದೆ ಅಂತ ಹೇಳಬೇಕಲ್ಲ. ಐದಕ್ಕೆ ನಾಲ್ಕು ಕೊಡ್ತೀನಿ, ಕಮ್ಮಿ ಮಾಡಿದ ಒಂದು ಆ ಮೆಟ್ಟಿಲಿಗೆ ಮತ್ತೆ ಕಾಯಿಸೋದಕ್ಕೆ.

ಈ ಆಷಾಢದ ಮೂರನೇ ಶುಕ್ರವಾರ ಬೈಂಡರ್ ಹಾಕ್ಕೊಂಡು ಮೆಟ್ಟಿಲು ಹತ್ತಿದೆ. ಹೋದ ಸಲ ಬಿದ್ದ ಜಾಗ ಗೊತ್ತಾಯ್ತು, ಅಲ್ಲಿ ಈ ಸಲವೂ ಯಾರೋ ಅರಿಶಿನ ಕುಂಕುಮ ಹಚ್ಚಿದ್ರು, ಬಗ್ಗಿ ಮುಟ್ಟಿ ನಮಸ್ಕಾರ ಮಾಡಿ ಪಕ್ಕದಲ್ಲಿ ಕಾಲಿಟ್ಟು ಹೋದೆ. ಇಳಿಯೋದು ಹತ್ತೋದಕ್ಕಿಂತ ಕಷ್ಟ ಅಕ್ಕಾ, ಅದನ್ನ ಮುಂದಿನ ವರ್ಷಕ್ಕೆ ಇಟ್ಕೊಳ್ಳಿ ಅಂತ ಮೇಡಂ ಮೊದಲೇ ಹೇಳಿದ್ರು, ಬಸ್ಸಲ್ಲಿ ವಾಪಸ್ ಬಂದೆ.